ಬಿಟ್ಟು ಬಿಟ್ಟು ಮಡಿಸಿ

ಅಚ್ಚುಕೂಟದಲ್ಲಿ ಕರಡು ತಿದ್ದುವ ಆ ಮನುಷ್ಯನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಒಂದು ಅಲ್ಪವಿರಾಮದ ವಿಷಯಕ್ಕೆ ಲೇಖಕರೊಬ್ಬರ ಜೊತೆ ಮಧ್ಯಾಹ್ನವಿಡೀ ಜಗಳವಾಡಿ, ಊಟ ಬಿಟ್ಟು, ಕೊನೆಗೆ ಗೆದ್ದಿದ್ದರಿಂದ ಬಂದ ಹೆಸರು ಅದು. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಇವನು ಅದನ್ನು ಬಿರುದಿನಂತೆ ಹೊತ್ತು ತಿರುಗಿದ. ಬೇರೆಯವರ ತಪ್ಪು ಹುಡುಕುವುದೇ ಹೊಟ್ಟೆಪಾಡಾದವನಿಗೆ ಕ್ರಮೇಣ ಈ ಜಗತ್ತಿನಲ್ಲಿ ತಪ್ಪು ಮಾಡುವವರೆಲ್ಲ ಬೇರೆಯವರೇ ಎನಿಸತೊಡಗುವುದು ಸಹಜ. ಹೋಟೆಲಿನಲ್ಲಿ ಕುಳಿತರೆ ತಿಂಡಿಯ ಪಟ್ಟಿ ತಿದ್ದುತ್ತಿದ್ದ. ಒಮ್ಮೆ ಲಿಫ್ಟಿನೊಳಗಿನ ಸೂಚನೆಯಲ್ಲಿ ಒತ್ತಕ್ಷರ ಸರಿಮಾಡುತ್ತಾ ನಿಂತು, ಇಳಿಯಬೇಕಾದ ಮಹಡಿ ದಾಟಿ ತಾರಸಿ ತಲುಪಿದ್ದ.

ಅಚ್ಚುಕೂಟದಲ್ಲಿ ಕೆಲಸ ಕಡಿಮೆಯಾಗುತ್ತಾ ಬಂದಿತ್ತು. ಒಂದು ದಿನ ಮಾಲೀಕರು ಚಹಾ ಕುಡಿಯುತ್ತಾ, "ಈಗ ತಪ್ಪನ್ನೂ ಕಂಪ್ಯೂಟರೇ ಹುಡುಕುತ್ತಂತೆ, ಹೌದೇನಯ್ಯಾ?" ಎಂದು ಸುಮ್ಮನೆ ಕೇಳಿದರು. ಸುಮ್ಮನೆ ಕೇಳಿದ್ದೋ ಬೇಕೆಂದೇ ಕೇಳಿದ್ದೋ ತಿಳಿಯದೆ ಇವನು ತನ್ನ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ನಾನು ಸಾಫ್ಟ್‌ವೇರ್ ಕಲೀತೀನಿ."

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಕಲೀರಿ. ಮೊದಲು ಟಿವಿ ರಿಮೋಟು ಎಲ್ಲಿಟ್ರಿ ಹೇಳಿ" ಎಂದಳು.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ತರಬೇತಿ ಕೇಂದ್ರವೊಂದಿತ್ತು. ಕಲಿಸುವವಳು ಇವನಿಗಿಂತ ಎಷ್ಟೋ ಚಿಕ್ಕವಳು, ಕಡಿಮೆ ಮಾತಿನವಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೆಳಗಿನ ತಂಡ ಹೊಸಬರಿಗೆ, ಸಂಜೆಯದು ಸ್ವಲ್ಪ ಗೊತ್ತಿರುವವರಿಗೆ.

"ಮೊದಲು ಏನಾದ್ರೂ ಓದಿದ್ದೀರಾ ಸರ್?" ಎಂದು ಮೇಡಂ ಕೇಳಿದಳು.

"ಓದಿದ್ದೀನಿ. ಕಂಪ್ಯೂಟರ್ ಪಠ್ಯಪುಸ್ತಕ, ಮೊದಲನೇ ಪುಟದಿಂದ ಕೊನೇ ಪುಟದವರೆಗೆ, ಮೂರು ಸಲ."

ಇದು ಸುಳ್ಳಲ್ಲ. ಆ ಪುಸ್ತಕದ ಕರಡು ತಿದ್ದಿದವನು ಅವನೇ. ಪುಸ್ತಕದ ಪ್ರತಿಯೊಂದು ಪದದ ಕಾಗುಣಿತ ಅವನಿಗೆ ಬಾಯಿಪಾಠವಾಗಿತ್ತು. ಅರ್ಥ ಒಂದರದ್ದೂ ಗೊತ್ತಿರಲಿಲ್ಲ, ಅಷ್ಟೇ. ಆದರೆ ಕಾಗುಣಿತ ಬಂದರೆ ಅರ್ಥ ತಾನಾಗಿಯೇ ಹಿಂದೆ ಬರುತ್ತದೆ ಎಂಬ ಧೈರ್ಯದಲ್ಲಿ ಸಂಜೆಯ ತಂಡಕ್ಕೆ ಹೆಸರು ಬರೆಸಿದ.

ಇದನ್ನು ಕೇಳಿ ಅವನ ಅತ್ತೆಗೂ ಹುರುಪು ಬಂತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಗಳ ಮನೆಯಲ್ಲೇ ಇದ್ದರು. ಹೊಸದೇನು ಕಂಡರೂ ಒಂದು ಕೈ ನೋಡಿಬಿಡೋಣ ಎನ್ನುವ ಸ್ವಭಾವ. ಅವರು ಮೇಡಂ ಹೇಳಿದ ಹಾಗೆ ಕೇಳಿ ಬೆಳಗಿನ ತಂಡಕ್ಕೆ ಸೇರಿದರು. ಅಳಿಯನಿಗೆ ಇದರಿಂದ ಒಂದು ಲಾಭವಾಯಿತು: ಊಟದ ಹೊತ್ತಿಗೆ ಪಾಠ ಹೇಳಲು ಒಬ್ಬರು ಸಿಕ್ಕಿದರು.

"ಲೂಪ್ ಅಂದ್ರೇನು ಅಂತ ಇವತ್ತು ಹೇಳಿಕೊಟ್ರು, ನನಗೆ ತಲೆಗೆ ಹೋಗ್ಲಿಲ್ಲ" ಎನ್ನುವರು ಅತ್ತೆ.

"ಲೂಪ್ ಅಂದ್ರೆ ಅತ್ತೆ, ಅದು ಒಂಥರಾ... ಸುತ್ತು."

"ಸುತ್ತು ಅಂದ್ರೆ?"

"ಸುತ್ತು ಅಂದ್ರೆ ಲೂಪು. ಅನುಭವದಿಂದ ಬರುತ್ತೆ ಬಿಡಿ, ಅವಸರ ಬೇಡ."

ಅತ್ತೆ ತಲೆಯಾಡಿಸುವರು. ಇವನು ಗಂಭೀರವಾಗಿ ಇನ್ನೊಂದು ತುತ್ತು ನುಂಗುವನು.

ಸಂಜೆಯ ತಂಡದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಪ್ರೋಗ್ರಾಂ ಬರೆಯಬೇಕಿತ್ತು. ಪಕ್ಕದವನೊಬ್ಬ ತನ್ನ ಸೈಕಲ್ ಅಂಗಡಿಯ ರಿಪೇರಿ ಸರದಿಗೆ ಸಣ್ಣದೊಂದನ್ನು ಮಾಡುತ್ತೇನೆಂದ. ಅಲ್ಪವಿರಾಮ ಸಣ್ಣದಕ್ಕೆ ಒಪ್ಪುವ ಪೈಕಿಯೇ ಅಲ್ಲ. ಎದ್ದು ನಿಂತು, ಕರಡಿನ ತಪ್ಪನ್ನೆಲ್ಲ ತಾನೇ ಹುಡುಕಿ ತಾನೇ ತಿದ್ದುವ ಪ್ರೋಗ್ರಾಂ ಬರೆಯುವುದಾಗಿ ಸಾರಿದ. ಮೇಡಂ, "ಒಂದು ತಪ್ಪಿನಿಂದ ಶುರು ಮಾಡಿ ಸರ್" ಎಂದಳು. ಮನೆಯಲ್ಲಿ ಹೆಂಡತಿ, "ಅದು ಬಂದ್ರೆ ನಿಮ್ಮ ಕೆಲಸವೇ ಹೋಗುತ್ತಲ್ರೀ?" ಎಂದಳು. ಆ ದಿಕ್ಕಿನಲ್ಲಿ ಅವನು ಯೋಚಿಸಿಯೇ ಇರಲಿಲ್ಲ. ತನ್ನ ಕುರ್ಚಿ ಉಳಿಸಿಕೊಳ್ಳಲು ಹೊರಟವನು ಅದರ ಕಾಲನ್ನೇ ಗರಗಸದಿಂದ ಕೊಯ್ಯುತ್ತಿದ್ದ.

ಆರಂಭಕ್ಕೆ ಒಂದು ತಪ್ಪನ್ನು ಆರಿಸಿಕೊಂಡ. ಅಕ್ಷರ ಜೋಡಿಸುವವರು ಅವಸರದಲ್ಲಿ ಒಂದೇ ಪದವನ್ನು ಎರಡು ಸಲ ಹೊಡೆಯುವುದುಂಟು. ಅಂಥ ಜೋಡಿ ಕಂಡರೆ ಪ್ರೋಗ್ರಾಂ ಒಂದನ್ನು ಅಳಿಸಬೇಕು. ಹೇಗೆ ಬರೆಯುವುದೆಂದು ತಿಳಿಯದಿದ್ದರೇನಂತೆ, ಇಂಟರ್ನೆಟ್ಟಿನಲ್ಲಿ ಪುಣ್ಯಾತ್ಮರು ಎಲ್ಲವನ್ನೂ ಬರೆದಿಟ್ಟಿದ್ದಾರೆ. ಇಲ್ಲಿಂದ ನಾಲ್ಕು ಸಾಲು, ಅಲ್ಲಿಂದ ಹತ್ತು ಸಾಲು ಎತ್ತಿ ಅಂಟಿಸಿದ. ಓಡಲಿಲ್ಲ. ಇನ್ನೆಲ್ಲಿಂದಲೋ ಒಂದಿಷ್ಟು ತಂದು ಸೇರಿಸಿದ. ಓಡಿತು. ಯಾಕೆ ಓಡಿತು ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಓಡುವುದನ್ನು ನಿಲ್ಲಿಸಿ ಯಾಕೆ ಓಡುತ್ತೀಯೆಂದು ಕೇಳುವುದು ಯಾವ ಜಾಣತನ? ಪರೀಕ್ಷೆಗೆಂದು ಬೇಕೆಂತಲೇ ತಪ್ಪು ತುಂಬಿದ ಒಂದು ಪುಟ ಕೊಟ್ಟ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಜೋಡಿಗಳೂ ಒಂಟಿಯಾದವು. ಅವನು ಕುರ್ಚಿಗೆ ಒರಗಿ ಕೈಕಟ್ಟಿ ಕುಳಿತ. ಫೋಟೋ ತೆಗೆಯುವವರು ಯಾರೂ ಇರಲಿಲ್ಲವೆಂಬುದೊಂದೇ ಕೊರತೆ.

ಅದೇ ವಾರ ಬೆನ್ನು ಮತ್ತು ಕೀಲುನೋವಿನ ಚಿಕಿತ್ಸಾಲಯವೊಂದರಿಂದ ವ್ಯಾಯಾಮದ ಕೈಪಿಡಿ ಅಚ್ಚಿಗೆ ಬಂತು. ಎಂದಿನಂತೆ ಪೆನ್ಸಿಲ್ ಹಿಡಿದು ಒಮ್ಮೆ ಓದಿದ. ಆಮೇಲೆ ಯಾರಿಗೂ ಹೇಳದೆ ಕೈಪಿಡಿಯನ್ನು ಪ್ರೋಗ್ರಾಮಿಗೆ ತಿನ್ನಿಸಿ, ಅದು ಉಗುಳಿದ್ದನ್ನು ಮತ್ತೊಮ್ಮೆ ಓದದೆ ವೈದ್ಯರ ಒಪ್ಪಿಗೆಗೆ ಕಳಿಸಿಬಿಟ್ಟ. ಓದುವುದಕ್ಕೇನಿದೆ, ಕಂಪ್ಯೂಟರೇ ನೋಡಿದೆಯಲ್ಲ.

ಮರುದಿನ ಮಾಲೀಕರು ಕರೆದರು. ಫೋನಿನ ಆ ತುದಿಯಲ್ಲಿ ವೈದ್ಯರಿದ್ದರು. ಮಾಲೀಕರು ಫೋನನ್ನು ಇವನ ಕೈಗಿತ್ತರು.

"ಹದಿನಾಲ್ಕನೇ ಪುಟ ತೆಗೀರಿ" ಎಂದರು ವೈದ್ಯರು. "ಎರಡನೇ ವ್ಯಾಯಾಮ ಓದಿ. ಜೋರಾಗಿ ಓದಿ."

ಅಲ್ಪವಿರಾಮ ಓದಿದ: "ಮೊಣಕಾಲನ್ನು ಬಿಟ್ಟು ಮಡಿಸಿ."

"ಮೊಣಕಾಲು ಬಿಟ್ಟರೆ ಕಾಲಿನಲ್ಲಿ ಇನ್ನೇನ್ರೀ ಮಡಿಸೋದು?"

ಕೈಪಿಡಿಯಲ್ಲಿ ವೈದ್ಯರು ಬರೆದದ್ದು 'ಮೊಣಕಾಲನ್ನು ಬಿಟ್ಟು ಬಿಟ್ಟು ಮಡಿಸಿ' ಎಂದು. ನಡುನಡುವೆ ವಿರಾಮ ಕೊಡಿ ಎಂದು ಅದರ ಅರ್ಥ. ಪ್ರೋಗ್ರಾಂ ಒಂದು 'ಬಿಟ್ಟು'ವನ್ನು ಬಿಟ್ಟೇ ಬಿಟ್ಟಿತ್ತು. ಅದರ ಕೆಳಗೆ ಕೈಗಳನ್ನು ಬೇರೆ ಬೇರೆ ದಿಕ್ಕಿಗೆ ಚಾಚಬೇಕಾದ ರೋಗಿ 'ಬೇರೆ ದಿಕ್ಕಿಗೆ' ಚಾಚುತ್ತಿದ್ದ. ಯಾವುದಕ್ಕಿಂತ ಬೇರೆಯೋ ದೇವರಿಗೇ ಗೊತ್ತು. ಮತ್ತೆ ಮತ್ತೆ ಮಾಡಬೇಕಾದದ್ದನ್ನು 'ಮತ್ತೆ ಮಾಡಿ' ಎಂದು ಮುಂದೂಡಲಾಗಿತ್ತು. ಮಾತನಾಡುವಾಗ ಪದಗಳನ್ನು ಎರಡೆರಡು ಸಲ ಹೇಳುವುದು ನಮ್ಮ ನುಡಿಯ ಸಹಜ ನಡೆ ಎಂಬುದು, ಜೀವಮಾನವಿಡೀ ಆ ನುಡಿಯನ್ನೇ ತಿದ್ದಿ ಉಂಡವನಿಗೆ ಹೊಳೆದಿರಲಿಲ್ಲ.

"ಅಚ್ಚಾಗೋ ಮೊದಲು ಸಿಕ್ತು, ಬದುಕಿದೆವು" ಎಂದಷ್ಟೇ ಹೇಳಿ ಮಾಲೀಕರು ಇವನ ಕೈಯಿಂದ ಫೋನ್ ತೆಗೆದುಕೊಂಡು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಷರ ಜೋಡಿಸುವ ಹೆಂಗಸು ಮಾತ್ರ ಸಂಜೆ ಮೆಟ್ಟಿಲಿಳಿಯುವಾಗ, "ನೀವು ಇಳೀರಿ ಸರ್, ಮೊಣಕಾಲು ಬಿಟ್ಟು" ಎಂದಳು.

ಅವಮಾನವಾದವನು ಒಂದು ಹೆಜ್ಜೆ ಹಿಂದೆ ಸರಿದು ಯೋಚಿಸಬೇಕಿತ್ತು. ಇವನು ಇನ್ನೂ ಮುಂದಕ್ಕೆ ನುಗ್ಗಿದ. 'ಬಿಟ್ಟು' ಬಂದರೆ ಅಳಿಸಬೇಡ ಎಂದು ಪ್ರೋಗ್ರಾಮಿಗೆ ಒಂದು ತೇಪೆ ಹಾಕಿದ. 'ಬೇರೆ'ಗೆ ಇನ್ನೊಂದು. 'ಮತ್ತೆ'ಗೆ ಮತ್ತೊಂದು. ಆಮೇಲೆ ಮನೆಯಲ್ಲಿ ಯಾರು ಬಾಯಿ ತೆರೆದರೂ ಇವನ ಕಿವಿ ನೆಟ್ಟಗಾಗುತ್ತಿತ್ತು.

"ಬೇಗ ಬೇಗ ಊಟ ಮಾಡಿ, ಆರಿಹೋಗುತ್ತೆ" ಎಂದು ಹೆಂಡತಿ ಹೇಳಿದರೆ, ಇವನು ತಟ್ಟೆ ಬಿಟ್ಟು ಎದ್ದು ಹೋಗಿ 'ಬೇಗ' ಸೇರಿಸುತ್ತಿದ್ದ.

"ಅಯ್ಯೋ, ನಿಜ ನಿಜ" ಎಂದು ಅತ್ತೆ ಫೋನಿನಲ್ಲಿ ಯಾರಿಗೋ ಹೇಳಿದರೆ 'ನಿಜ' ಸೇರಿಸುತ್ತಿದ್ದ.

ಒಂದು ಸಂಜೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮ ಜೊತೆ ಇನ್ನು ಒಂದೊಂದೇ ಪದ ಮಾತಾಡ್ತೀನಿ. ಊಟ. ಬನ್ನಿ. ಸಾಕಾ?" ಎಂದಳು.

ತೇಪೆಯ ಮೇಲೆ ತೇಪೆ ಬಿದ್ದು ಮೂಲ ಬಟ್ಟೆ ಯಾವುದೆಂದೇ ಕಾಣದಂತಾಯಿತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಕೊನೆಗೊಂದು ದಿನ ತರಗತಿಯಲ್ಲಿ ಪ್ರೋಗ್ರಾಂ ಓಡಿಸಿದಾಗ ಅದು ಏನನ್ನೂ ಅಳಿಸದೆ, ಏನನ್ನೂ ಹೇಳದೆ, ಸುಮ್ಮನೆ ಸುತ್ತತೊಡಗಿತು. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಸೈಕಲ್ ಅಂಗಡಿಯವನು ತನ್ನ ಕುರ್ಚಿಯನ್ನು ಮೆಲ್ಲಗೆ ದೂರ ಎಳೆದುಕೊಂಡ.

ಮೇಡಂ ಬಂದು ಹಿಂದೆ ನಿಂತಳು. ಪರದೆಯ ಮೇಲೆ ಬೆರಳಿಟ್ಟು ಕೇಳಿದಳು: "ಈ ಸಾಲು ಏನು ಮಾಡುತ್ತೆ ಸರ್?"

"ಅದನ್ನ ತೆಗೆದ್ರೆ ಓಡೋದಿಲ್ಲ ಮೇಡಂ."

"ಸರಿ. ಆದ್ರೆ ಏನು ಮಾಡುತ್ತೆ?"

"ಓಡಿಸುತ್ತೆ."

"ಇದು?"

"ಅದು... ಮೇಲಿಂದು ಓಡಿಸುತ್ತಲ್ಲ, ಅದಕ್ಕೆ ಸಹಾಯ ಮಾಡುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಗುರುತಿಸುವಷ್ಟು ಅನುಭವ ಅವನಿಗಿತ್ತು. ಮೇಡಂ ನಗಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು:

"ಸರ್, ನೀವು ಕಷ್ಟಪಡ್ತಿಲ್ಲ ಅಂತ ನಾನು ಹೇಳೋದಿಲ್ಲ. ಆದ್ರೆ ಇದರಲ್ಲಿ ನಿಮ್ಮದು ಅಂತ ಒಂದು ಸಾಲೂ ಇಲ್ಲ. ಇದನ್ನ ಮುಚ್ಚಿಡಿ. ಸ್ವಲ್ಪ ದಿನ ತೆರೀಬೇಡಿ. ನಾಳೆಯಿಂದ ಬೆಳಗಿನ ತಂಡಕ್ಕೆ ಬನ್ನಿ."

"ಬೆಳಗಿನ ತಂಡದಲ್ಲಿ ನಮ್ಮ ಅತ್ತೆ ಇದ್ದಾರೆ ಮೇಡಂ."

"ಒಳ್ಳೇದಾಯ್ತು, ಒಟ್ಟಿಗೆ ಬರಬಹುದು."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಮೇಡಂಗೆ ಕೊಡಬಹುದಾಗಿದ್ದ ಉತ್ತರಗಳನ್ನು ಜೋಡಿಸಿದ, ತಿದ್ದಿದ, ಮತ್ತೆ ಜೋಡಿಸಿದ. ಒಂದಕ್ಕಿಂತ ಒಂದು ಸೊಗಸಾಗಿದ್ದವು. ಒಂದೂ ನಿಜವಾಗಿರಲಿಲ್ಲ. ಕಲಿಯುವುದನ್ನೇ ಬಿಟ್ಟುಬಿಡುವುದು ಮೇಲೆಂದು ಮನೆ ಬಾಗಿಲು ತಲುಪುವಷ್ಟರಲ್ಲಿ ನಿರ್ಧರಿಸಿದ್ದ. ಬಾಗಿಲು ತೆಗೆದ ಅತ್ತೆಯ ಮುಖ ನೋಡಿದಾಗ, ಊಟದ ಹೊತ್ತಿನ ತನ್ನ ಪಾಠಗಳೆಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು.

"ಅತ್ತೆ, ಒಂದು ಮಾತು" ಎಂದ. "ನಾಳೆಯಿಂದ ನಾನೂ ಬೆಳಿಗ್ಗೆಗೇ ಬರ್ತೀನಿ."

"ಯಾಕೆ, ಸಂಜೆ ಮಳೆಯೇನಾದ್ರೂ?"

"ಮಳೆಯಲ್ಲ. ನನಗೂ ಲೂಪು ಅರ್ಥವಾಗಿಲ್ಲ."

ಅತ್ತೆ ನಗುತ್ತಾರೆಂದು ಕಾದ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಸದ್ಯ" ಎಂದರು. "ನೀವು ಹೇಳಿದ್ದು ತಿಳೀತಿಲ್ವಲ್ಲ, ನನಗೇ ವಯಸ್ಸಾಯ್ತೇನೋ ಅಂದ್ಕೊಂಡಿದ್ದೆ ಅಳಿಯಂದ್ರೇ." ನಗು ಬಂದದ್ದು ಒಳಗೆ ಅಡುಗೆಮನೆಯಿಂದ, ಅದೂ ತಡೆದು ತಡೆದು.

ಬೆಳಗಿನ ತಂಡದಲ್ಲಿ ಮೊದಲ ದಿನ ಮೇಡಂ ಕಂಪ್ಯೂಟರ್ ಹಚ್ಚಲೇ ಇಲ್ಲ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸಿದಳು. ಒಬ್ಬರು ಹೇಳಬೇಕು, ಇನ್ನೊಬ್ಬರು ಹೇಳಿದಷ್ಟನ್ನೇ ಮಾಡಬೇಕು. ತಮಗೆ ಚೆನ್ನಾಗಿ ಬರುವ ಕೆಲಸವನ್ನೇ ಹೇಳಿಕೊಡಿ ಎಂದಳು. ಅಲ್ಪವಿರಾಮನಿಗೆ ಅತ್ತೆಯೇ ಜೊತೆಯಾದರು. ದೊಡ್ಡ ಹಾಳೆಯೊಂದನ್ನು ಪುಟ್ಟ ಪುಸ್ತಕವಾಗುವಂತೆ ಮಡಿಸುವುದು ಅಚ್ಚುಕೂಟದಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸ. ಇದರಲ್ಲಾದರೂ ಮಾನ ಉಳಿಯುತ್ತದೆಂದುಕೊಂಡ.

"ಹಾಳೆಯನ್ನ ಅರ್ಧಕ್ಕೆ ಮಡಿಸಿ ಅತ್ತೆ."

"ಮಡಿಸಿದೆ."

"ಇನ್ನೊಂದು ಸಲ."

"ಯಾವ ಕಡೆಗೆ?"

"ಈ ಕಡೆಗೆ."

"ನನ್ನ ಬೆನ್ನು ನಿಮ್ಮ ಕಡೆ ಇದೆ. ಈ ಕಡೆ ಅಂದ್ರೆ ಯಾವ ಕಡೆ?"

"ಮಾಮೂಲಿ ಕಡೆಗೆ."

ಅತ್ತೆ ತಮಗೆ ಮಾಮೂಲಿ ಎನಿಸಿದ ಕಡೆಗೆ ಮಡಿಸಿದರು. ತಿರುಗಿ ನೋಡಿದಾಗ ಅವರ ಕೈಯಲ್ಲಿ ಬೀಸಣಿಗೆಯಂಥದೇನೋ ಇತ್ತು. ಅತ್ತೆಯ ಸರದಿ ಬಂದಾಗ ಅವರ ಪಾಡೂ ಉತ್ತಮವಾಗೇನೂ ಇರಲಿಲ್ಲ. ಒಂದು ಕರೆಯನ್ನು ಇನ್ನೊಂದು ಲೈನಿಗೆ ಜೋಡಿಸುವುದನ್ನು ಹೇಳಿಕೊಡಲು ಹೋಗಿ, ಮಾತನಾಡುವವರಿಬ್ಬರನ್ನೂ ಕಾಯಲು ಬಿಟ್ಟು ಮರೆತರು. ಆದರೆ ಅವರು ತಪ್ಪಿದಾಗ, "ತಪ್ಪಾಯ್ತು, ಮೊದಲಿಂದ" ಎಂದು ಹಾಯಾಗಿ ಹೇಳಿ ಶುರುಮಾಡುತ್ತಿದ್ದರು. ಆ ಮಾತು ಹೇಳಲು ಅಳಿಯನಿಗೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಹೀಗೆ ದಿನಗಳು ಕಳೆದವು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬೆಳಗಿನ ಪಾಠಗಳು ತೀರ ಸಣ್ಣವು: ಒಂದು ಪದ ಓದು, ಅದನ್ನು ನೆನಪಿಡು, ಮುಂದಿನದರ ಜೊತೆ ಹೋಲಿಸು. ಪಠ್ಯಪುಸ್ತಕದಲ್ಲಿ ತಾನು ಕಾಗುಣಿತ ಮಾತ್ರ ನೋಡಿದ್ದ ಪದಗಳು ಒಂದೊಂದಾಗಿ ಬಾಯಿ ಬಿಟ್ಟು ತಮ್ಮ ಅರ್ಥ ಹೇಳತೊಡಗಿದವು. ಒಂದು ದಿನ ಬಸ್ಸಿನಲ್ಲಿ ಲೂಪನ್ನು ಅತ್ತೆಗೆ ಮತ್ತೆ ವಿವರಿಸಿದ: ಹೇಳಿದ ಕೆಲಸವನ್ನೇ ಸಾಕೆನ್ನುವವರೆಗೆ ಮತ್ತೆ ಮತ್ತೆ ಮಾಡುವುದು. ಈ ಸಲ ಅತ್ತೆ, "ಇಷ್ಟೇನಾ?" ಎಂದರು. ಅವನಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ.

ಅಚ್ಚುಕೂಟದಲ್ಲಿ ಕರಡು ತಿದ್ದುವಾಗ ಈಗ ಅವನು ತನ್ನ ಕೈಯನ್ನೇ ಗಮನಿಸುತ್ತಿದ್ದ. ಒಂದೇ ಪದ ಎರಡು ಸಲ ಬಂದಾಗ ತಾನೇನು ಮಾಡುತ್ತೇನೆ? ಅಳಿಸುವುದಿಲ್ಲ. ಪೆನ್ಸಿಲ್ ನಿಲ್ಲುತ್ತದೆ. ಅಂಚಿನಲ್ಲೊಂದು ಸಣ್ಣ ಗೀಟು ಎಳೆಯುತ್ತೇನೆ. ಕಣ್ಣು ವಾಕ್ಯದ ಮೊದಲಿಗೆ ಹಿಂದಿರುಗುತ್ತದೆ, ಇಡೀ ವಾಕ್ಯ ಓದಿದ ಮೇಲೆ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇನೆ. ಈ ಹಿಂದಿರುಗುವ ಕೆಲಸವನ್ನು ಪ್ರೋಗ್ರಾಮಿಗೆ ಕಲಿಸಲು ತನ್ನಿಂದಾಗದು. ಗೀಟು ಎಳೆಯುವುದನ್ನು ಕಲಿಸಬಹುದು.

ಹಳೆಯ ಪ್ರೋಗ್ರಾಮನ್ನು ತೆರೆಯದೆಯೇ ಅಳಿಸಿದ. ಹೊಸದನ್ನು ಮೊದಲ ಅಕ್ಷರದಿಂದ ತಾನೇ ಬರೆದ. ತೀರ ಚಿಕ್ಕದು, ಒಂದು ಪರದೆಯಲ್ಲಿ ಹಿಡಿಯುತ್ತಿತ್ತು. ಅದು ಏನನ್ನೂ ತಿದ್ದುತ್ತಿರಲಿಲ್ಲ. ಜೋಡಿ ಪದ ಕಂಡಲ್ಲಿ ಅಂಚಿನಲ್ಲೊಂದು ಗೀಟು ಹಾಕಿ ಸುಮ್ಮನಾಗುತ್ತಿತ್ತು. ಮೇಡಂ ಬಂದು ಯಾವ ಸಾಲಿನ ಮೇಲೆ ಬೆರಳಿಟ್ಟರೂ ಅವನು ಉತ್ತರ ಹೇಳಿದ. ಒಂದು ಕಡೆ ಮಾತ್ರ ತಡವರಿಸಿ, "ಇದು ಯಾಕೆ ಬೇಕು ಅಂತ ನನಗೂ ಸರಿಯಾಗಿ ಗೊತ್ತಿಲ್ಲ" ಎಂದ. ಮೇಡಂ ಆ ಸಾಲನ್ನು ತೆಗೆದು ಓಡಿಸಿದಳು. ಓಡಿತು. "ಬೇಕಿರಲಿಲ್ಲ" ಎಂದಳು.

ಪರೀಕ್ಷೆಗೆಂದು ತಾನೇ ಹಿಂದೆ ತಿದ್ದಿದ್ದ ಆ ಕಂಪ್ಯೂಟರ್ ಪಠ್ಯಪುಸ್ತಕವನ್ನು ಅದಕ್ಕೆ ಕೊಟ್ಟ. ಅದರಲ್ಲಿ ತಪ್ಪೇ ಇರಲು ಸಾಧ್ಯವಿಲ್ಲವಾದ್ದರಿಂದ ಪ್ರೋಗ್ರಾಂ ಸುಮ್ಮನಿರುವುದನ್ನು ನೋಡಿ ಆನಂದಿಸುವ ಉದ್ದೇಶ. ಮುನ್ನುಡಿಯಲ್ಲೇ ಗೀಟು ಬಿತ್ತು: 'ಈ ಪುಸ್ತಕದಲ್ಲಿ ತಪ್ಪುಗಳು ತಪ್ಪುಗಳು ಇಲ್ಲದಂತೆ ಎಚ್ಚರ ವಹಿಸಲಾಗಿದೆ.'

ಅದನ್ನು ಮೂರು ಸಲ ಓದಿದವನು ಅವನೇ. ಮೂರು ಸಲವೂ ದಾಟಿಹೋಗಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನೂ ನಕ್ಕ. ಮೊದಲು ಮರ್ಯಾದೆಗೆ, ಆಮೇಲೆ ನಿಜವಾಗಿಯೇ.

ಮಾಲೀಕರಿಗೆ ತೋರಿಸಿದಾಗ ಅವರು ಹುಬ್ಬು ಗಂಟಿಕ್ಕಿ ನೋಡಿದರು. "ಹಾಗಾದ್ರೆ ಇದು ತಾನಾಗಿ ತಿದ್ದೋದಿಲ್ಲ?"

"ಇಲ್ಲ ಸಾರ್. ತೋರಿಸುತ್ತೆ, ಅಷ್ಟೇ."

"ತಿದ್ದೋದು ಯಾರು?"

"ನಾನೇ."

"ಇದಕ್ಕೆ ಇಷ್ಟು ದಿನ ಹೋಗಿ ಬಂದೆಯಾ?"

"ಬಹಳ ದಿನ ಬೇರೆ ಕಡೆ ಹೋಗಿದ್ದೆ ಸಾರ್. ಇದಕ್ಕೆ ಸ್ವಲ್ಪ ದಿನ ಸಾಕಾಯ್ತು."

ಮಾಲೀಕರು ಆ ಮಾತನ್ನು ಅರ್ಥ ಮಾಡಿಕೊಂಡರೋ ಇಲ್ಲವೋ, ಇನ್ನೆರಡು ಪುಟ ಹಾಕಿಸಿ ನೋಡಿದರು. ಅಕ್ಷರ ಜೋಡಿಸುವ ಹೆಂಗಸು ತನ್ನ ಕಂಪ್ಯೂಟರಿಗೂ ಅದು ಬೇಕೆಂದಳು. ಅದಾಗಿ ಕೆಲವು ದಿನಗಳ ಮೇಲೆ ಮಾಲೀಕರು ಮತ್ತೆ ಕರೆದರು. ಗೋದಾಮಿನಲ್ಲಿ ಯಾವ ಕಾಗದ ಎಷ್ಟಿದೆಯೆಂದು ತಿಳಿಯದೆ, ಇರುವುದನ್ನೇ ಮತ್ತೆ ತರಿಸಿ ಬೇಸತ್ತಿದ್ದರು. "ಇದಕ್ಕೇನಾದ್ರೂ ಬರೆಯೋಕಾಗುತ್ತಾ?"

ಬಾಯಿ ಆಗಲೇ ಅರ್ಧ ತೆರೆದಿತ್ತು. 'ಮುಂದಿನ ವಾರ ಕೊಡ್ತೀನಿ ಸಾರ್, ಕಾಗದವೇನು, ಶಾಯಿ, ಬಣ್ಣ ಎಲ್ಲದರ ಲೆಕ್ಕವೂ ಬರುತ್ತೆ' ಎಂಬ ಪೂರ್ತಿ ವಾಕ್ಯ, ಚಿಹ್ನೆಗಳ ಸಮೇತ, ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿತ್ತು. ಅವನು ಅದನ್ನು ನುಂಗಿದ.

"ಗೊತ್ತಿಲ್ಲ ಸಾರ್" ಎಂದ. "ಮೊದಲು ಒಂದು ದಿನ ಗೋದಾಮಿನಲ್ಲಿ ಕೂತು ನೋಡ್ತೀನಿ."

"ಅಲ್ಲಿ ನೋಡೋಕೇನಿದೆಯಯ್ಯಾ?"

"ಅದೂ ಗೊತ್ತಿಲ್ಲ."

ಮಾಲೀಕರು ಬೀಗದ ಕೈ ಕೊಟ್ಟರು. ಗೋದಾಮಿನಲ್ಲಿ ಕಿಟಕಿ ಎತ್ತರದಲ್ಲಿತ್ತು, ಬೆಳಕು ಓರೆಯಾಗಿ ಬೀಳುತ್ತಿತ್ತು. ಕಾಗದದ ಕಟ್ಟುಗಳು ಸೂರಿನವರೆಗೆ ಏರಿದ್ದವು. ಒಂದೇ ಬಣ್ಣದ ಹೊದಿಕೆಯಲ್ಲಿ ಎರಡು ಬಗೆಯ ಕಾಗದವಿತ್ತು. ಎರಡು ಬಣ್ಣದ ಹೊದಿಕೆಯಲ್ಲಿ ಒಂದೇ ಬಗೆಯದೂ ಇತ್ತು. ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಏನೂ ಬರೆಯದೆ, ಒಂದು ಕಟ್ಟಿನ ಮೇಲೆ ಕುಳಿತ. ಧೂಳಿಗೆ ಸೀನು ಬಂತು. ಸೀನಿ, ಮೂಗು ಒರೆಸಿಕೊಂಡು, ಬಾಗಿಲ ಹತ್ತಿರದ ಸಾಲಿನಿಂದ ನೋಡಲು ಶುರುಮಾಡಿದ.